ಪಬ್‌ನಲ್ಲಿ ಪಶ್ಚಿಮ ಆಫ್ರಿಕಾದ ಊಟ: ಐದು ಜನಕ್ಕೆ ಏನು ತರಿಸಬೇಕು, ಏನು ಕೇಳಬೇಕು?

ಮೂಲೆಮೇಜು

ದಕ್ಷಿಣ ಲಂಡನ್ನಿನ ಪೆಕ್ಕಮ್ ಹತ್ತಿರದ ಒಂದು ಮಾಮೂಲಿ ಪಬ್. ಬಾರ್ ಹಳೆಯವರದ್ದೇ. ಅಡುಗೆಮನೆಯನ್ನು ಮಾತ್ರ ನೈಜೀರಿಯಾ ಮತ್ತು ಘಾನಾ ಅಡುಗೆ ಮಾಡುವ ತಂಡವೊಂದು ವಹಿಸಿಕೊಂಡಿದೆ. ಶನಿವಾರ ಸಂಜೆ ಐದು ಜನ ಹೋಗುವವರಿದ್ದೇವೆ. ಒಬ್ಬರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ, ಒಬ್ಬರಿಗೆ ಕಡಲೆಕಾಯಿ ಅಲರ್ಜಿ, ಒಬ್ಬರಿಗೆ ಮದ್ಯ ಬೇಡ, ಒಂಬತ್ತು ವರ್ಷದ ಹುಡುಗಿ ಒಬ್ಬಳು. ಐದನೆಯವನಾದ ನಾನು ಏನು ಕೊಟ್ಟರೂ ತಿನ್ನುತ್ತೇನೆ.

ಮೆನುವಿನಲ್ಲಿ ಇರುವುದು: ಜೊಲೊಫ್ ರೈಸ್, ವಾಚೆ, ಬೀಫ್ ಸುಯಾ, ಅಣಬೆ ಸುಯಾ, ಮೇಕೆ ಮಾಂಸದ ಪೆಪ್ಪರ್ ಸೂಪ್, ಎಗುಸಿ, ಎಫೊ ರಿರೊ, ಬೆಂಡೆಕಾಯಿ ಸೂಪ್, ರೆಡ್ ರೆಡ್, ಮೊಯಿನ್ ಮೊಯಿನ್, ಡೋಡೋ, ಕೆಲೆವೆಲೆ, ಸುಟ್ಟ ತಿಲಾಪಿಯಾ. ಪಕ್ಕದಲ್ಲಿ ‘ಸ್ವಾಲೋ’ ಅಂತ ಒಂದು ತಲೆಬರಹ, ಅದರ ಕೆಳಗೆ ಪೌಂಡೆಡ್ ಯಾಮ್, ಎಬಾ, ಅಮಾಲಾ, ಬಾಂಕು.

ಯಾವುದರ ಜೊತೆ ಯಾವುದು ಹೋಗುತ್ತದೆ? ಸಸ್ಯಾಹಾರಿಗೆ ನಿಜವಾಗಿ ಏನು ನಡೆಯುತ್ತದೆ? ಖಾರ ಎಷ್ಟು? ಮಗುವನ್ನು ಕರೆದುಕೊಂಡು ಹೋಗಬಹುದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸೌಟು_ಕೈಯಲ್ಲಿ

ಮೊದಲು ಜೋಡಿಗಳ ವಿಷಯ. ಈ ಮೆನುವಿನಲ್ಲಿ ಹೆಚ್ಚು ಜನ ಎಡವುವುದೇ ಇಲ್ಲಿ.

ಎಗುಸಿ, ಎಫೊ ರಿರೊ, ಬೆಂಡೆಕಾಯಿ, ಈ ಮೂರಕ್ಕೂ ಸೂಪ್ ಅಂದರೂ ಊಟಕ್ಕೆ ಮುಂಚೆ ಬಟ್ಟಲಲ್ಲಿ ಕುಡಿಯುವಂಥದ್ದಲ್ಲ. ಗಟ್ಟಿಯಾಗಿರುತ್ತವೆ, ಎಣ್ಣೆ ಉಪ್ಪು ಖಾರ ಜೋರಾಗಿರುತ್ತದೆ, ಸ್ವಾಲೋ (ನಮ್ಮ ಮುದ್ದೆಯಂಥದ್ದು) ಜೊತೆಗೇ ತಿನ್ನಬೇಕು. ಸೂಪ್ ಮಾತ್ರ ತರಿಸಿದರೆ ನಾಲ್ಕು ಚಮಚಕ್ಕೆ ಸಾಕಾಗುತ್ತದೆ. ಸ್ವಾಲೋ ಮಾತ್ರ ತರಿಸಿದರೆ ಗಂಟಲಲ್ಲೇ ಇಳಿಯುವುದಿಲ್ಲ. ಪೆಪ್ಪರ್ ಸೂಪ್ ಬೇರೆ ಜಾತಿ. ಅದು ತೆಳ್ಳಗಿನ ಸಾರು, ಬಿಸಿಬಿಸಿ ಕುಡಿಯುವುದಕ್ಕೇ ಇರುವುದು. ನೈಜೀರಿಯಾದಲ್ಲೇ ಅದು ಬಿಯರ್ ಅಂಗಡಿಗಳ ತಿಂಡಿ, ಹಾಗಾಗಿ ಪಬ್‌ಗೆ ಅದಕ್ಕಿಂತ ಒಪ್ಪುವ ಐಟಂ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಮೇಕೆ ಮಾಂಸವನ್ನು ಮೂಳೆ ಸಮೇತ ಕತ್ತರಿಸಿ ಹಾಕಿರುತ್ತಾರೆ. ಗರಗಸದಲ್ಲಿ ಕೊಯ್ದ ಮೂಳೆಯ ಚೂಪು ಚೂರುಗಳು ಬಟ್ಟಲಿನ ತಳದಲ್ಲಿ ನಿಂತಿರುತ್ತವೆ, ಕೊನೆಯ ಎರಡು ಚಮಚ ನೋಡಿಕೊಂಡು ಕುಡಿಯಿರಿ.

ಸ್ವಾಲೋಗಳಲ್ಲಿ ಪೌಂಡೆಡ್ ಯಾಮ್ ಅಂದರೆ ಯಾಮ್ ಎಂಬ ದೊಡ್ಡ ಬಿಳಿ ಗೆಡ್ಡೆಯನ್ನು ಬೇಯಿಸಿ ಕುಟ್ಟಿದ್ದು. ರುಚಿ ಸಪ್ಪೆ, ಮೈ ನಯ. ಪಬ್‌ನ ಸಣ್ಣ ಅಡುಗೆಮನೆಯಲ್ಲಿ ಒರಳು ಒನಕೆ ಇಟ್ಟುಕೊಂಡು ಕುಟ್ಟುವುದು ಕಷ್ಟ, ಬಹಳ ಕಡೆ ‘ಪೌಂಡೋ’ ಹಿಟ್ಟನ್ನು ಬಿಸಿನೀರಿಗೆ ಹಾಕಿ ತಿರುವುತ್ತಾರೆ. ಆ ಹಿಟ್ಟಿನ ಕೆಲವು ಬ್ರ್ಯಾಂಡ್‌ಗಳಲ್ಲಿ ಆಲೂಗಡ್ಡೆ ಪುಡಿಯೂ ಬೆರೆತಿರುತ್ತದೆ. ತಪ್ಪೇನಿಲ್ಲ, ಆದರೆ ಆ ಗೆಡ್ಡೆಯ ಸಣ್ಣ ಸಿಹಿ ಅದರಲ್ಲಿ ಸಿಗುವುದಿಲ್ಲ. ಎಬಾ ಅಂದರೆ ಹುಳಿ ಬರಿಸಿ, ಹಿಂಡಿ, ಹುರಿದ ಮರಗೆಣಸಿನ ತರಿಗೆ (ಗಾರಿ ಅನ್ನುತ್ತಾರೆ) ಕುದಿಯುವ ನೀರು ಹಾಕಿ ಕಟ್ಟಿದ್ದು. ತುಸು ಹುಳಿ, ತುಸು ತರಿ. ಅಮಾಲಾ ಒಣಗಿಸಿದ ಯಾಮ್ ಹಿಟ್ಟಿನದು. ಬಣ್ಣ ಕಡುಕಂದು, ಮೃದು, ಮಣ್ಣಿನ ವಾಸನೆ. ಬಾಂಕು ಘಾನಾದ್ದು. ಹುಳಿ ಬರಿಸಿದ ಮೆಕ್ಕೆಜೋಳ ಮತ್ತು ಮರಗೆಣಸಿನ ಹಿಟ್ಟು, ನಾಲ್ಕರಲ್ಲಿ ಹೆಚ್ಚು ಹುಳಿ ಇದೇ.

ಒಳ್ಳೆಯ ಜೋಡಿಗಳು: ಎಗುಸಿಗೆ ಪೌಂಡೆಡ್ ಯಾಮ್, ಎಫೊ ರಿರೊಗೆ ಎಬಾ ಅಥವಾ ಪೌಂಡೆಡ್ ಯಾಮ್, ಬೆಂಡೆಕಾಯಿಗೆ ಬಾಂಕು. ಸುಟ್ಟ ತಿಲಾಪಿಯಾಕ್ಕೂ ಬಾಂಕುವೇ, ಜೊತೆಗೆ ಹಸಿ ಟೊಮೇಟೊ, ಈರುಳ್ಳಿ, ಮೆಣಸಿನಕಾಯಿ ಅರೆದ ಚಟ್ನಿ. ಅಮಾಲಾ ಚೆಂದ ಕಾಣುವುದು ಎವೆಡು ಅನ್ನುವ ಸೆಣಬಿನ ಸೊಪ್ಪಿನ ಸಾರು ಮತ್ತು ಗ್ಬೆಗಿರಿ ಅನ್ನುವ ಅಲಸಂದೆ ಸಾರು ಎರಡೂ ಇದ್ದಾಗ. ನಿಮ್ಮ ಮೆನುವಿನಲ್ಲಿ ಅವೆರಡೂ ಕಾಣುತ್ತಿಲ್ಲ, ಹಾಗಾಗಿ ಅಮಾಲಾ ಈ ಸಲ ಬಿಡಿ. ಜೊಲೊಫ್ (ಟೊಮೇಟೊ ಹಾಕಿ ಬೇಯಿಸಿದ ಅನ್ನ) ಮತ್ತು ವಾಚೆ ಅನ್ನದ ಐಟಂಗಳು, ಅವುಗಳ ಜೊತೆ ಸ್ವಾಲೋ ತರಿಸಬೇಡಿ.

ತಿನ್ನುವ ಕ್ರಮ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ರಾಗಿ ಮುದ್ದೆ ನುಂಗಿ ಗೊತ್ತಿದ್ದರೆ ಮುಕ್ಕಾಲು ಪಾಲು ಬಂದ ಹಾಗೇ. ಬಲಗೈ, ಅಗಿಯದೆ ನುಂಗುವುದು, ಎಲ್ಲ ಅದೇ. ವ್ಯತ್ಯಾಸ ಇಷ್ಟು: ಇದು ಹೆಚ್ಚು ಎಳೆ ಬರುತ್ತದೆ. ಅದಕ್ಕೇ ದೊಡ್ಡ ತುತ್ತು ಮುರಿಯದೆ ಸಣ್ಣ ನಿಂಬೆಕಾಯಿ ಗಾತ್ರ ಚಿವುಟಿ, ಬೆರಳ ತುದಿಯಲ್ಲೇ ಉರುಟಿ, ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ, ಆ ಗುಳಿಯಲ್ಲಿ ಸೂಪನ್ನು ಗೋರಿಕೊಳ್ಳಿ. ಬೆಂಡೆಕಾಯಿ ಸೂಪ್ ಲೋಳೆ ಎಳೆಯುತ್ತದೆ. ಗೋರಿದ ಕೂಡಲೇ ಮಣಿಕಟ್ಟನ್ನು ಒಂದು ಸುತ್ತು ತಿರುವಿ ಬಟ್ಟಲಿನ ಅಂಚಿಗೆ ತಾಗಿಸಿದರೆ ಎಳೆ ತುಂಡಾಗುತ್ತದೆ. ಇಲ್ಲದಿದ್ದರೆ ಬಟ್ಟಲಿನಿಂದ ಅಂಗಿವರೆಗೆ ಒಂದೇ ದಾರ. ಕೈ ತೊಳೆಯಲು ಬಟ್ಟಲಲ್ಲಿ ನೀರು ಕೊಡುವವರೂ ಉಂಟು, ಕೊಡದಿದ್ದರೆ ಕೇಳಿ. ಚಾಕು ಫೋರ್ಕು ಕೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸ್ವಾಲೋ ಆರಿದರೆ ಪಿಷ್ಟ ಬಿಗಿದುಕೊಂಡು ರಬ್ಬರಿನಂತಾಗುತ್ತದೆ, ಮೇಲೆ ಚರ್ಮ ಕಟ್ಟುತ್ತದೆ. ಬಹಳ ಕಡೆ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತರುವುದು ಇದೇ ಕಾರಣಕ್ಕೆ. ಎಲ್ಲವನ್ನೂ ಒಂದೇ ಸಲ ಬಿಚ್ಚಬೇಡಿ, ತಿನ್ನುವಷ್ಟು ಬಿಚ್ಚಿ. ಸೂಪು ಸ್ವಾಲೋ ಬಂದ ಹೊತ್ತಿಗೆ ಮಾತು ಬಿಟ್ಟು ತಿನ್ನಬೇಕು. ಮಾತಿಗೆ ಸುಯಾ (ಮಸಾಲೆಪುಡಿ ಹಚ್ಚಿ ಸುಟ್ಟ ತುಂಡುಗಳು) ಇದೆ.

ಐದು ಜನಕ್ಕೆ ಒಂದು ಲೆಕ್ಕ: ಹಂಚಿಕೊಳ್ಳಲು ಒಂದು ಪೆಪ್ಪರ್ ಸೂಪ್, ಒಂದು ಜೊಲೊಫ್, ಒಂದು ರೆಡ್ ರೆಡ್, ಒಂದು ಎಗುಸಿ ಜೊತೆಗೆ ಎರಡು ಪೌಂಡೆಡ್ ಯಾಮ್, ಎರಡು ಡೋಡೋ (ಕರಿದ ಬಾಳೆ). ಅಲ್ಲಿಗೆ ನಿಲ್ಲಿಸಿ. ಸ್ವಾಲೋ ಪಾಲು ನೋಡಲು ಚಿಕ್ಕದು, ಹೊಟ್ಟೆಗೆ ಹೋದ ಮೇಲೆ ಗೊತ್ತಾಗುತ್ತದೆ. ತಿಲಾಪಿಯಾ ಬೇಕಿದ್ದರೆ ಕೂತ ಕೂಡಲೇ ಹೇಳಿ. ಇಡೀ ಮೀನನ್ನು ಹೊಸದಾಗಿ ಸುಡುವುದಾದರೆ ಅರ್ಧ ಗಂಟೆ ಮೇಲೆಯೇ ಹಿಡಿಯುತ್ತದೆ.

ಪುಂಡಿ_ಪಲ್ಯ

ಸಸ್ಯಾಹಾರ ಮತ್ತು ಅಲರ್ಜಿ ಎರಡಕ್ಕೂ ಒಂದೇ ಸೂತ್ರ ಹಿಡಿದು ಹೋಗಿ: ಯಾವುದು ಬೆಳಗ್ಗೆಯೇ ಪಾತ್ರೆಯಲ್ಲಿ ಬೆಂದು ಕೂತಿದೆ, ಯಾವುದನ್ನು ತಟ್ಟೆಗೆ ಬಡಿಸುವಾಗ ಸೇರಿಸುತ್ತಾರೆ? ಬಡಿಸುವಾಗ ಸೇರಿಸುವುದನ್ನು ಬಿಡಿ ಅನ್ನಬಹುದು. ಪಾತ್ರೆಯಲ್ಲಿ ಬೆಂದದ್ದನ್ನು ಯಾರೂ ತೆಗೆದುಕೊಡಲಾರರು.

ಪಾತ್ರೆ ಕಡೆಯ ಅಪಾಯ ಮೂರು. ಒಂದು, ‘ಕ್ರೇಫಿಶ್’ ಅನ್ನುವ ಒಣ ಸೀಗಡಿ ಪುಡಿ. ನೈಜೀರಿಯಾದ ಸೂಪುಗಳಲ್ಲಿ ಇದು ಉಪ್ಪಿನಷ್ಟೇ ಸಹಜ. ಎಗುಸಿ ನೋಡಲು ಕಲ್ಲಂಗಡಿ ಜಾತಿಯ ಬೀಜದ ಪುಡಿ ಮತ್ತು ಸೊಪ್ಪು, ಎಫೊ ರಿರೊ ನೋಡಲು ಪಾಲಕ್ ಪಲ್ಯ. ಎರಡರಲ್ಲೂ ಸಾಮಾನ್ಯವಾಗಿ ಕ್ರೇಫಿಶ್ ಇರುತ್ತದೆ, ಜೊತೆಗೆ ಒಣಗಿಸಿದ ಕಾಡ್ ಮೀನು, ಬೋಟಿ, ಪೊನ್ಮೊ ಅನ್ನುವ ದನದ ಚರ್ಮ. ತುಂಡುಗಳನ್ನು ಪಕ್ಕಕ್ಕೆ ಸರಿಸಿ ಕೊಟ್ಟರೆ ಅದು ಸಸ್ಯಾಹಾರವಲ್ಲ. ಎರಡು, ಸ್ಟಾಕ್ (ಮಾಂಸ ಬೇಯಿಸಿದ ನೀರು) ಮತ್ತು ಸ್ಟಾಕ್ ಕ್ಯೂಬ್ (ಅದರ ಒಣ ಬಿಲ್ಲೆ). ಜೊಲೊಫ್‌ನಲ್ಲಿ ಮಾಂಸದ ತುಂಡೇ ಕಾಣದಿದ್ದರೂ ಅನ್ನ ಬೆಂದದ್ದು ಕೋಳಿ ಬೇಯಿಸಿದ ನೀರಿನಲ್ಲಿರಬಹುದು. ಮೂರು, ಹೊಗೆಯಾಡಿಸಿದ ಮೀನು. ರೆಡ್ ರೆಡ್ ಅಂದರೆ ಕೆಂಪು ತಾಳೆ ಎಣ್ಣೆಯಲ್ಲಿ ಟೊಮೇಟೊ ಹಾಕಿ ಬೇಯಿಸಿದ ಅಲಸಂದೆ ಕಾಳು, ಪಕ್ಕದಲ್ಲಿ ಕರಿದ ಬಾಳೆ. ಕೆಲವರು ಕಾಳಿಗೆ ಮೀನು ಸೇರಿಸುತ್ತಾರೆ, ಕೆಲವರು ಇಲ್ಲ. ಮೀನಿಲ್ಲದಿದ್ದರೆ ಈ ಪಟ್ಟಿಯಲ್ಲಿ ನಿಮ್ಮ ಸಸ್ಯಾಹಾರಿಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ.

ವಾಚೆ ಅರ್ಧ ದಾರಿಯ ಐಟಂ. ಅನ್ನ ಮತ್ತು ಕಾಳನ್ನು ಜೋಳದ ಗಿಡದ ಒಣ ಎಲೆಯ ಜೊತೆ ಬೇಯಿಸುತ್ತಾರೆ, ಆ ಕೆಂಗಂದು ಬಣ್ಣ ಎಲೆಯದು. ಪಾತ್ರೆ ಸಾಮಾನ್ಯವಾಗಿ ಶುದ್ಧ. ಕೆಡುವುದು ತಟ್ಟೆಯಲ್ಲಿ. ಮೇಲೆ ಬೇಯಿಸಿದ ಮೊಟ್ಟೆ, ದನದ ಚರ್ಮ, ಮಾಂಸದ ಸ್ಟ್ಯೂ, ಶಿಟೊ ಎಲ್ಲ ಬರುತ್ತದೆ. ಶಿಟೊ ಕಪ್ಪಗಿನ ಎಣ್ಣೆಚಟ್ನಿಯ ಹಾಗೆ ಕಂಡರೂ ಅದರ ಜೀವಾಳವೇ ಒಣ ಮೀನು, ಒಣ ಸೀಗಡಿ. ಅವನ್ನೆಲ್ಲ ಬಿಟ್ಟು, ಗಾರಿ ಮತ್ತು ಡೋಡೋ ಹಾಕಿ ಕೊಡಿ ಎಂದರೆ ಆಯಿತು. ವಾಚೆ ಜೊತೆ ಸ್ಪಗೆಟಿ ಬಂದರೆ ಆಶ್ಚರ್ಯಪಡಬೇಡಿ, ಘಾನಾದಲ್ಲಿ ಅದೇ ಪದ್ಧತಿ.

ಮೊಯಿನ್ ಮೊಯಿನ್ ನೆನೆಸಿ ರುಬ್ಬಿದ ಅಲಸಂದೆ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ್ದು. ಒಳಗೆ ಮೊಟ್ಟೆ, ಮೀನು ಅಥವಾ ಕಾರ್ನ್ಡ್ ಬೀಫ್ ಹುದುಗಿಸಿರುವುದು ವಾಡಿಕೆ, ಬೇಡ. ಸ್ವಾಲೋ ನಾಲ್ಕೂ ಸಸ್ಯಾಹಾರವೇ, ತೊಂದರೆ ಸೂಪಿನದು. ಸಸ್ಯಾಹಾರಿ ಎಗುಸಿ ಅಂತ ಬೇರೆ ಪಾತ್ರೆ ಇಟ್ಟಿದ್ದಾರಾ ಕೇಳಿ. ಅಣಬೆ ಹಾಕಿ ಮಾಡುವವರಿದ್ದಾರೆ, ಚೆನ್ನಾಗಿಯೂ ಇರುತ್ತದೆ. ಸೀಗಡಿಯ ಜಾಗವನ್ನು ಇರು ತುಂಬುತ್ತದೆ. ಇರು ಅಂದರೆ ಒಂದು ಮರದ ಬೀಜವನ್ನು ಬೇಯಿಸಿ ಹುಳಿ ಬರಿಸಿದ್ದು. ವಾಸನೆ ಘಾಟು, ಅಡುಗೆಯಲ್ಲಿ ಬೆರೆತ ಮೇಲೆ ಅದ್ಭುತ.

‘ಸಸ್ಯಾಹಾರಿ ಇದೆಯಾ’ ಎಂದು ಕೇಳಿದರೆ ‘ಇದೆ’ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸದ ತುಂಡು ಇಲ್ಲ ಅಂತ. ಬಿಡಿಬಿಡಿಯಾಗಿ ಕೇಳಿ: ಕ್ರೇಫಿಶ್ ಹಾಕಿದ್ದೀರಾ, ಸ್ಟಾಕ್ ಯಾವುದು, ಕ್ಯೂಬ್ ಕೋಳಿಯದಾ, ಡೋಡೋ ಕರಿಯುವ ಎಣ್ಣೆಯಲ್ಲೇ ಮೀನೂ ಕರಿಯುತ್ತೀರಾ?

ಇನ್ನು ಕಡಲೆಕಾಯಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಯಾಕ್ಕೆ ಹಚ್ಚುವ ಯಾಜಿ ಪುಡಿಯ ಮೂಲವೇ ಎಣ್ಣೆ ಹಿಂಡಿದ ಕಡಲೆಕಾಯಿ ಹಿಂಡಿ, ಅದರ ಜೊತೆ ಶುಂಠಿ, ಒಣಮೆಣಸು, ಈರುಳ್ಳಿ ಪುಡಿ, ಉಪ್ಪು. ಅಣಬೆ ಸುಯಾಕ್ಕೂ ಅದೇ ಪುಡಿ. ಬೆಂದ ಮೇಲೆ ಮತ್ತೊಮ್ಮೆ ಉದುರಿಸುತ್ತಾರೆ, ಪುಡಿ ಹಾರುತ್ತದೆ, ಅದೇ ತಂತಿಜಾಲರಿಯ ಮೇಲೆ ತಿಲಾಪಿಯಾವನ್ನೂ ಕೋಳಿಯನ್ನೂ ಸುಡುತ್ತಾರೆ. ಹಾಗಾಗಿ ಅಲರ್ಜಿ ಇರುವವರಿಗೆ ಗ್ರಿಲ್‌ನಿಂದ ಬರುವ ಯಾವುದೂ ಬೇಡ, ಮೇಜಿಗೂ ಸುಯಾ ಬೇಡ. ಮೆನುವಿನಲ್ಲಿ ಮಾಫೆ ಅಥವಾ ಗ್ರೌಂಡ್‌ನಟ್ ಸೂಪ್ (ಎರಡೂ ಕಡಲೆಕಾಯಿಯವೇ) ಆ ದಿನದ ಸ್ಪೆಷಲ್ ಆಗಿದ್ದರೆ ಸೌಟು, ಪಾತ್ರೆ ಬೆರೆಯುವ ಸಾಧ್ಯತೆ ಇನ್ನೂ ಹೆಚ್ಚು. ಕರಿಯುವುದು ಕಡಲೆಕಾಯಿ ಎಣ್ಣೆಯಲ್ಲಾ ಎಂದೂ ಕೇಳಿ.

ಬ್ರಿಟನ್ನಿನ ಕಾನೂನಿನಂತೆ 14 ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಅಂಗಡಿಯವರು ಕೊಡಲೇಬೇಕು. ಕಡಲೆಕಾಯಿ, ಸೀಗಡಿ ಜಾತಿ, ಮೀನು, ಸೆಲೆರಿ, ಸಾಸಿವೆ, ಸೋಯಾ ಎಲ್ಲ ಆ ಪಟ್ಟಿಯಲ್ಲಿವೆ. ಆದರೆ ಎಗುಸಿ ಬೀಜ ಆ 14ರಲ್ಲಿ ಇಲ್ಲ. ಬೀಜಗಳ ಅಲರ್ಜಿ ಇದ್ದವರು ಅದನ್ನು ತಾವೇ ಕೇಳಿಕೊಳ್ಳಬೇಕು. ಇನ್ನೊಂದು ವಿಷಯ: ಪಟ್ಟಿ ಹೇಳುವುದು ಅಡುಗೆಗೆ ಏನು ಹಾಕಿದ್ದಾರೆ ಅಂತ. ಪಕ್ಕದ ಪಾತ್ರೆಯಿಂದ ಏನು ಸಿಡಿದಿದೆ ಅಂತ ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಅಡುಗೆಯವರ ಬಾಯಿಂದಲೇ ಉತ್ತರ ಬೇಕು. ಬಾರ್‌ನಲ್ಲಿ ನಿಂತವರನ್ನು ಕೇಳಿ ಪ್ರಯೋಜನವಿಲ್ಲ. ಅಡುಗೆಮನೆ ಬೇರೆಯವರದ್ದಾದರೆ ಅವರಿಗೂ ನಿಮ್ಮಷ್ಟೇ ಗೊತ್ತಿರುತ್ತದೆ. ಎಪಿಪೆನ್ (ಅಲರ್ಜಿ ಜೋರಾದಾಗ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನು) ಬರೆದುಕೊಟ್ಟಿದ್ದರೆ ಎರಡು ಪೆನ್ನೂ ಕೈಚೀಲದಲ್ಲಿರಲಿ, ಕಾರಿನಲ್ಲಲ್ಲ.

ಮೂಲೆಮೇಜು

ಇಬ್ಬರಿಗೂ ಥ್ಯಾಂಕ್ಸ್. ಸುಯಾ ಮೇಜಿಗೇ ಬೇಡ ಅನ್ನುವುದು ಹೊಳೆದೇ ಇರಲಿಲ್ಲ. ಮಗುವಿಗೆ ಖಾರ ಇಲ್ಲದ್ದು ಏನಿದೆ? ಬಾರ್ ಕಡೆಯ ರೀತಿನೀತಿ, ಮದ್ಯ ಬೇಡದವರಿಗೆ ಏನು, ಇವೂ ತಿಳಿದರೆ ಒಳ್ಳೆಯದು.

ಅರ್ಧ_ಪಿಂಟ್

ಬಾರ್ ಕಡೆಯದು ನಾನು ಹೇಳುತ್ತೇನೆ.

ಇಂಥ ಪಬ್‌ಗಳಲ್ಲಿ ಬಾರ್ ಒಂದು ಅಂಗಡಿ, ಅಡುಗೆಮನೆ ಇನ್ನೊಂದು ಅಂಗಡಿ. ಬಿಲ್ ಎರಡಾಗಬಹುದು. ಮೊದಲು ಮೇಜು ಹಿಡಿದು ಅದರ ನಂಬರ್ ನೋಡಿಕೊಳ್ಳಿ. ಕುಡಿಯುವುದನ್ನು ಕೌಂಟರಿಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಟ್ಟು, ನೀವೇ ಎತ್ತಿಕೊಂಡು ಬರಬೇಕು. ಊಟವನ್ನು ಅದೇ ಕೌಂಟರಿನಲ್ಲಿ ಹೇಳಬೇಕೋ, ಅಡುಗೆಮನೆಯ ಕಿಂಡಿಯಲ್ಲೋ, ಮೇಜಿನ ಮೇಲಿನ ಕ್ಯೂಆರ್ ಕೋಡಿನಲ್ಲೋ ಅಂತ ಕೇಳಿಕೊಳ್ಳಿ. ಅಲರ್ಜಿ ಇರುವಾಗ ಕ್ಯೂಆರ್ ಬೇಡ, ಬಾಯಲ್ಲಿ ಹೇಳಿ. ಟೇಬಲ್ ಕಾಯ್ದಿರಿಸುವಾಗಲೇ ಒಂದು ಸಾಲು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಕೌಂಟರಿನಲ್ಲಿ ಸಾಲು ಕಾಣುವುದಿಲ್ಲ, ಆದರೆ ಯಾರ ನಂತರ ಯಾರು ಅನ್ನುವುದನ್ನು ಅಲ್ಲಿ ನಿಂತವರೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ನೋಟು ಬೀಸುವುದು, ಕೂಗಿ ಕರೆಯುವುದು ಸಲ್ಲದು. ಕೌಂಟರಿನಲ್ಲಿ ಹೇಳಿ ತಂದುಕೊಂಡರೆ ಟಿಪ್ಸ್ ಕೊಡುವ ರೂಢಿ ಇಲ್ಲ. ಮೇಜಿಗೆ ತಂದುಕೊಟ್ಟರೆ ಲಂಡನ್ನಿನಲ್ಲಿ ಸಾಮಾನ್ಯವಾಗಿ ಶೇ 12.5 ಸರ್ವಿಸ್ ಚಾರ್ಜ್ ಸೇರಿಸುತ್ತಾರೆ. ‘ಐಚ್ಛಿಕ’ ಎಂದು ಬರೆದಿದ್ದರೆ ತೆಗೆಸುವ ಹಕ್ಕು ನಿಮಗಿದೆ. 2024ರ ಅಕ್ಟೋಬರ್‌ನಿಂದ ಬಂದ ಕಾನೂನಿನಂತೆ ಆ ದುಡ್ಡು ಪೂರ್ತಿ ಕೆಲಸಗಾರರಿಗೇ ಹೋಗಬೇಕು, ಹಾಗಾಗಿ ಸೇವೆ ಚೆನ್ನಾಗಿದ್ದರೆ ಬಿಟ್ಟುಬಿಡಿ.

ಮಗುವಿನ ವಿಷಯ: 16ರೊಳಗಿನವರು ಪಬ್‌ನಲ್ಲಿರಬೇಕಾದರೆ ಜೊತೆಗೆ ದೊಡ್ಡವರಿರಬೇಕು ಅನ್ನುವುದು ಇಂಗ್ಲೆಂಡಿನ ಕಾನೂನು. ಅದರ ಮೇಲೆ ಪ್ರತಿ ಪಬ್‌ಗೂ ತನ್ನದೇ ಸಮಯದ ಗಡುವು ಇರುತ್ತದೆ, ಏಳು, ಎಂಟು, ಒಂಬತ್ತು ಗಂಟೆ ಹೀಗೆ. ಶನಿವಾರವಾದರೆ ಫೋನ್ ಮಾಡಿ ಕೇಳಿ. ಐದೂವರೆಗೆ ಹೋಗಿ ಕೂತರೆ ತಲೆನೋವಿಲ್ಲ. ಅಡುಗೆಮನೆ ಬಾರ್‌ಗಿಂತ ಬಹಳ ಮೊದಲೇ ಮುಚ್ಚುತ್ತದೆ ಅನ್ನುವುದೂ ನೆನಪಿರಲಿ. ಬಾರ್ ಹನ್ನೊಂದರವರೆಗೆ ಇದ್ದರೂ ಒಂಬತ್ತಕ್ಕೋ ಒಂಬತ್ತೂವರೆಗೋ ಒಲೆ ಆರಿರುತ್ತದೆ. ನೋಡಲು 25ರೊಳಗೆ ಕಾಣುವವರನ್ನು ವಯಸ್ಸಿನ ದಾಖಲೆ ಕೇಳುವುದು ವಾಡಿಕೆ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ.

ಕುಡಿಯಲು: ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ (ಕಪ್ಪು ಬಿಯರ್) ಇಂಥ ಕಡೆ ಸಿಗುವ ಸಂಭವ ಹೆಚ್ಚು. ನೈಜೀರಿಯಾದ ಲೇಗೋಸ್‌ನ ಇಕೆಜಾದಲ್ಲಿ 1962ರಿಂದಲೇ ಗಿನ್ನೆಸ್ ತಯಾರಿಸುವ ಬ್ರೂವರಿ ಇದೆ, ಅಲ್ಲಿನದರಲ್ಲಿ ಜೋಳ ಬಳಸುತ್ತಾರೆ, ಸಿಹಿ ತುಸು ಮುಂದೆ. ಶೇ 7.5 ಮದ್ಯಾಂಶ. 330 ಮಿ.ಲೀ. ಪುಟ್ಟ ಬಾಟಲಿ ಅಂತ ಎರಡು ಇಳಿಸಿದರೆ ನಲ್ಲಿಯ ಗಿನ್ನೆಸ್ ಎರಡು ಪಿಂಟ್ ಕುಡಿದಷ್ಟೇ ಆಯಿತು. ಪಿಂಟ್ ಅಂದರೆ 568 ಮಿ.ಲೀ., ನಲ್ಲಿಯದು ಸುಮಾರು ಶೇ 4.2. ಪೆಪ್ಪರ್ ಸೂಪ್‌ಗೆ ಈ ಸ್ಟೌಟ್ ಸರಿಜೋಡಿ. ಜೊಲೊಫ್‌ಗೆ ಸ್ಟಾರ್ ಥರದ ತಣ್ಣನೆಯ ಲಾಗರ್ ಬಿಯರ್ ಸಾಕು. ಕಹಿ ಜಾಸ್ತಿಯಿರುವ ಐಪಿಎ ಬಿಯರ್ ಖಾರವನ್ನು ಇನ್ನಷ್ಟು ಚುಚ್ಚುವಂತೆ ಮಾಡುತ್ತದೆ, ನನಗಂತೂ ಒಪ್ಪುವುದಿಲ್ಲ.

ನಿಮ್ಮ ಸಸ್ಯಾಹಾರಿ ಬಿಯರ್ ಕುಡಿಯುವವರಾದರೆ ಒಂದು ಮಾತು. ಕೈಪಂಪಿನಿಂದ ಎಳೆದು ಕೊಡುವ ಕ್ಯಾಸ್ಕ್ ಏಲ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕುವುದು ಹಳೆಯ ಪದ್ಧತಿ, ಈಗಲೂ ಬಹಳ ಕಡೆ ಇದೆ. ಬಿಯರ್ ತಿಳಿಗೊಳಿಸಲು ಬಳಸಿದ್ದಾದರೆ ಅದನ್ನು ಅಲರ್ಜಿ ಪಟ್ಟಿಯಲ್ಲಿ ಹೇಳಬೇಕಾಗಿಲ್ಲ. ಪಂಪಿನ ಬಿಲ್ಲೆಯ ಮೇಲೆ ‘ವೀಗನ್’ ಎಂದಿದೆಯಾ ನೋಡಿ.

ಮದ್ಯ ಬೇಡದವರಿಗೆ ಜೋಬೊ ತರಿಸಿ. ಘಾನಾದವರು ಅದನ್ನೇ ಸೊಬೊಲೊ ಅನ್ನುತ್ತಾರೆ. ಪುಂಡಿ ಜಾತಿಯ ಗಿಡದ ಹೂವಿನ ಬುಡದ ಕೆಂಪು ಎಸಳನ್ನು ಶುಂಠಿ, ಲವಂಗದ ಜೊತೆ ಕುದಿಸಿ ತಣಿಸಿದ್ದು. ಹುಳಿ ಚುರುಕಾಗಿದ್ದು ತಾಳೆ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ಸೂಪರ್‌ಮಾಲ್ಟ್‌ನಲ್ಲಿ ಮದ್ಯವಿಲ್ಲ, ಆದರೆ ಬಾರ್ಲಿಯದು, ಸಿಹಿ ವಿಪರೀತ, ಊಟದ ಜೊತೆ ಕುಡಿದರೆ ಊಟ ಸೇರುವುದಿಲ್ಲ. ಚಾಪ್ಮನ್ ಬಗ್ಗೆ ಎಚ್ಚರ. ಕೆಂಪಗೆ, ಸೌತೆಕಾಯಿ ಬಿಲ್ಲೆ ಹಾಕಿಕೊಂಡು, ಶರಬತ್ತಿನಂತೆ ಬರುತ್ತದೆ. ಫ್ಯಾಂಟಾ, ಸ್ಪ್ರೈಟ್ ಜೊತೆ ಅದಕ್ಕೆ ಅಂಗೋಸ್ಟುರಾ ಬಿಟರ್ಸ್ ನಾಲ್ಕಾರು ಹನಿ ಹಾಕುತ್ತಾರೆ, ಆ ಬಿಟರ್ಸ್ ಶೇ 44.7 ಮದ್ಯ. ಲೋಟದಲ್ಲಿ ಸೇರುವುದು ಅತ್ಯಲ್ಪ. ಆದರೂ ಒಂದು ಹನಿಯೂ ಬೇಡ ಎನ್ನುವವರು, ಮತ್ತು ಮಗುವಿಗೆ ತರಿಸುವವರು, ಬಿಟರ್ಸ್ ಬಿಟ್ಟು ಮಾಡಿ ಅನ್ನಬೇಕು. ಲೋಟದಲ್ಲೇ ಬೆರೆಸುವುದರಿಂದ ಇದು ಸುಲಭ. ಮೊದಲೇ ಜಗ್‌ನಲ್ಲಿ ಬೆರೆಸಿಟ್ಟಿದ್ದರೆ ಮಾತ್ರ ಬಿಡಿ.

ಬೆಂಕಿಮೆಣಸು

ಖಾರದ ಬಗ್ಗೆ. ಈ ಅಡುಗೆಯ ಖಾರ ಸ್ಕಾಚ್ ಬಾನೆಟ್ ಮೆಣಸಿನಕಾಯಿಯದು, ಒಂದರಿಂದ ಮೂರೂವರೆ ಲಕ್ಷ ಸ್ಕೋವಿಲ್ (ಖಾರ ಅಳೆಯುವ ಮಾನ). ಖಾರ ತಿಂದು ಅಭ್ಯಾಸ ಅನ್ನುವ ಜಂಬ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಇದು ಹಣ್ಣಿನ ಪರಿಮಳ ಮುಂದೆ ಬಿಟ್ಟು ಹಿಂದಿನಿಂದ ಏರುತ್ತದೆ. ಮೊದಲ ಎರಡು ತುತ್ತಿಗೆ ‘ಇಷ್ಟೇನಾ’ ಅನ್ನಿಸುತ್ತದೆ, ಐದನೆಯದಕ್ಕೆ ಕಿವಿ ಬಿಸಿಯಾಗುತ್ತದೆ. ಟೊಮೇಟೊ, ಕೆಂಪು ದಪ್ಪಮೆಣಸು, ಈರುಳ್ಳಿ ಜೊತೆ ರುಬ್ಬಿ ಹಾಕಿರುವುದರಿಂದ ಆರಿಸಿ ತೆಗೆಯುವ ಮಾತಿಲ್ಲ. ‘ಖಾರ ಕಡಿಮೆ ಮಾಡಿ’ ಎಂದರೂ ಪಾತ್ರೆಯಲ್ಲಿದ್ದದ್ದು ಇದ್ದದ್ದೇ. ಖಾರ ಹತ್ತಿದರೆ ನೀರು, ಲಾಗರ್ ಎರಡೂ ದಂಡ. ಹಾಲು ಕೇಳಿ, ಚಹಾಕ್ಕೆಂದು ಪಬ್‌ನಲ್ಲಿ ಇದ್ದೇ ಇರುತ್ತದೆ. ಇಲ್ಲವೇ ಸಪ್ಪೆ ಅನ್ನ, ಪೌಂಡೆಡ್ ಯಾಮ್ ಬಾಯಿಗೆ ಹಾಕಿಕೊಳ್ಳಿ.

ಮಗುವಿಗೆ ಡೋಡೋ. ಚೆನ್ನಾಗಿ ಹಣ್ಣಾದ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಅಡುಗೆ ಬಾಳೆಯನ್ನು ಓರೆಯಾಗಿ ಕೊಯ್ದು ಕರಿದದ್ದು, ಅಂಚು ಕಂದು, ಒಳಗೆ ಮೆತ್ತಗೆ ಸಿಹಿ. ಅದರ ಪಕ್ಕದಲ್ಲೇ ಮೆನುವಿನಲ್ಲಿರುವ ಕೆಲೆವೆಲೆ ಕೊಡಬೇಡಿ. ಅದೂ ಅದೇ ಬಾಳೆ, ಆದರೆ ಶುಂಠಿ, ಮೆಣಸಿನಕಾಯಿ, ಲವಂಗ ಹಚ್ಚಿ ಕರಿಯುತ್ತಾರೆ. ತಟ್ಟೆಯಲ್ಲಿ ಗುರುತು ಹಿಡಿಯುವುದು ಹೇಗೆಂದರೆ ಡೋಡೋ ಓರೆ ಬಿಲ್ಲೆ, ಕೆಲೆವೆಲೆ ಸಣ್ಣ ಚೌಕ ತುಂಡು. ಡೋಡೋ ಜೊತೆ ಬಿಳಿ ಅನ್ನ, ಇಲ್ಲವಾದರೆ ಬೇಯಿಸಿದ ಯಾಮ್ ಕೇಳಿ.

ಜೊಲೊಫ್ ಹೇಗಿದ್ದರೆ ಒಳ್ಳೆಯದು? ಅಗುಳು ಬಿಡಿಬಿಡಿ, ಒಳಗೂ ಬಣ್ಣ ಹಿಡಿದಿರಬೇಕು, ಟೊಮೇಟೊದ ಹಸಿ ಹುಳಿ ಉಳಿದಿರಬಾರದು. ಹಸಿ ಹುಳಿ ಬಂತೆಂದರೆ ರುಬ್ಬಿದ್ದನ್ನು ಎಣ್ಣೆ ಬಿಡುವವರೆಗೆ ಹುರಿಯದೆ ಅಕ್ಕಿ ಹಾಕಿದ್ದಾರೆ ಅಂತ ಲೆಕ್ಕ. ಅಂಟಂಟಾಗಿದ್ದರೆ ನೀರು ಜಾಸ್ತಿ. ನೈಜೀರಿಯಾದವರು ಮೊದಲೇ ಅರೆಬೇಯಿಸಿ ಒಣಗಿಸಿದ ಉದ್ದಕ್ಕಿ ಬಳಸುವುದು ಈ ಅಂಟು ತಪ್ಪಿಸಲಿಕ್ಕೆ. ಘಾನಾದಲ್ಲಿ ಪರಿಮಳದ ಜಾಸ್ಮಿನ್ ಅಕ್ಕಿ ಹೆಚ್ಚು, ಮೆದು ಜಾಸ್ತಿ. ತಳದಲ್ಲಿ ಉದ್ದೇಶಪೂರ್ವಕವಾಗಿ ಸೀಯಿಸಿದ ಪದರ ಇದ್ದರೆ ‘ಬಾಟಮ್ ಪಾಟ್’ ಸ್ವಲ್ಪ ಹಾಕಿ ಅನ್ನಿ, ಹೊಗೆ ರುಚಿಯೆಲ್ಲ ಅಲ್ಲಿದೆ. ಯಾವ ದೇಶದ ಜೊಲೊಫ್ ಮೇಲು ಅಂತ ಕೌಂಟರಿನಲ್ಲಿ ಕೇಳಿದರೆ ಮಾತ್ರ ನಿಮ್ಮ ಆರ್ಡರ್ ಅರ್ಧ ಗಂಟೆ ತಡ. ನೈಜೀರಿಯಾ, ಘಾನಾ ಇಬ್ಬರ ಜಗಳದಲ್ಲಿ ಸೆನೆಗಲ್ ಸುಮ್ಮನೆ ನಗುತ್ತಿದೆ. ಈ ಅನ್ನದ ಬೇರು ಅಲ್ಲಿನದು, ಅವರ ಮೀನಿನ ಅನ್ನ ಚೆಬುಜೆನ್ 2021ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೂ ಸೇರಿತು.

ಸೌಟು_ಕೈಯಲ್ಲಿ ಅವರ ಲೆಕ್ಕಕ್ಕೆ ಒಂದು ತಕರಾರು. ಹೊಸಬರಿಗೆ ಎಗುಸಿಗಿಂತ ಬೆಂಡೆಕಾಯಿ, ಬಾಂಕು ಒಳ್ಳೆಯದು ಅಂತ ನನ್ನ ಮತ. ಎಗುಸಿಯ ಬೀಜದ ಎಣ್ಣೆ, ಮೇಲೆ ತಾಳೆ ಎಣ್ಣೆ, ಮೇಲೆ ಬೋಟಿ. ಮೊದಲ ಸಲಕ್ಕೆ ಭಾರವಾಯಿತು. ಲೋಳೆಗೆ ನಮ್ಮ ಜನ ಹೆದರುವುದಿಲ್ಲ.

ಸೌಟು_ಕೈಯಲ್ಲಿ

ಬೋಟಿ ಬೇಡವಾದರೆ ‘ಅಸಾರ್ಟೆಡ್’ (ಬೋಟಿ, ಚರ್ಮ ಎಲ್ಲ ಬೆರೆತದ್ದು) ಬದಲು ಬರೀ ಮೇಕೆ ಅಥವಾ ಕೋಳಿ ಹಾಕಿ ಅನ್ನಬಹುದು. ಬಹಳ ಕಡೆ ಮಾಂಸವನ್ನು ಬೇರೆ ಬೇಯಿಸಿಟ್ಟು ಬಡಿಸುವಾಗ ಸೂಪಿಗೆ ಇಳಿಸುತ್ತಾರೆ, ಹಾಗಾಗಿ ಇದು ತಟ್ಟೆ ಕಡೆಯ ವಿಷಯ. ಎಗುಸಿಯೇ ಇರಲಿ ಅನ್ನುತ್ತೇನೆ. ಬಾಂಕುವಿನ ಹುಳಿ ಎಲ್ಲರಿಗೂ ಹಿಡಿಸುವುದಿಲ್ಲ.

ಕಡಲೆಕಾಯಿ ಅಲರ್ಜಿಯವರ ತಟ್ಟೆಗೆ ಜೊಲೊಫ್ ಮತ್ತು ಪಾತ್ರೆಯಿಂದ ಬಡಿಸುವ ಸ್ಟ್ಯೂ ಸರಿ, ಅಡುಗೆಯವರು ಸರಿ ಎಂದರೆ ಮಾತ್ರ. ಅವರು ಹಿಂಜರಿದರೆ ಒತ್ತಾಯಿಸಬೇಡಿ. ಸಣ್ಣ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಯಾಜಿ ಉದುರಿಸುವವರು ‘ಖಾತ್ರಿ ಹೇಳಲಾರೆ’ ಎಂದರೆ ಅದೇ ಪ್ರಾಮಾಣಿಕ ಉತ್ತರ.

ಉಳಿದದ್ದನ್ನು ಕಟ್ಟಿಸಿಕೊಳ್ಳಬಹುದು. ಸೂಪು ಮರುದಿನಕ್ಕೆ ಇನ್ನೂ ರುಚಿ. ಸ್ವಾಲೋ ಆದರೆ ಮೇಲೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಬಿಸಿ ಮಾಡಿ, ಒದ್ದೆ ಸೌಟಿನಿಂದ ಮತ್ತೆ ನಾದಿದರೆ ಮೆತ್ತಗಾಗುತ್ತದೆ. ಜೊಲೊಫ್ ಮಾತ್ರ ಹುಷಾರು. ಪಬ್‌ನಲ್ಲಿ ಅದನ್ನು ಒಮ್ಮೆ ಆರಿಸಿ ಮತ್ತೆ ಬಿಸಿ ಮಾಡಿಕೊಟ್ಟಿರುವ ಸಾಧ್ಯತೆ ಇದೆ, ಅನ್ನವನ್ನು ಎರಡನೇ ಸಲ ಬಿಸಿ ಮಾಡುವುದು ಒಳ್ಳೆಯದಲ್ಲ. ಅವತ್ತೇ ಬೇಯಿಸಿದ್ದಾ ಕೇಳಿ. ಹೌದಾದರೆ ಮನೆಗೆ ಬಂದ ಕೂಡಲೇ ಫ್ರಿಜ್‌ಗಿಟ್ಟು ಮರುದಿನದೊಳಗೆ ಮುಗಿಸಿ.

ಅರ್ಧ_ಪಿಂಟ್

ಶನಿವಾರ ಫುಟ್‌ಬಾಲ್ ಮ್ಯಾಚ್ ಇದೆಯಾ ನೋಡಿಕೊಳ್ಳಿ. ದೊಡ್ಡ ಪರದೆ ಹಾಕುವ ಪಬ್ ಆದರೆ ಮ್ಯಾಚ್ ಹೊತ್ತಿನಲ್ಲಿ ಮೆನು ಅರ್ಧಕ್ಕಿಳಿದು ಸುಯಾ, ರೆಕ್ಕೆ, ಚಿಪ್ಸ್ ಮಾತ್ರ ಉಳಿಯುವುದುಂಟು. ಸ್ವಾಲೋ ಆ ಹೊತ್ತಿಗೆ ಸಿಗುವುದೇ ಇಲ್ಲ. ಫೋನ್ ಮಾಡಿದಾಗ ಮೂರೂ ಒಟ್ಟಿಗೆ ಕೇಳಿಬಿಡಿ: ಮಗು ಎಷ್ಟು ಗಂಟೆವರೆಗೆ, ಅಡುಗೆಮನೆ ಎಷ್ಟು ಗಂಟೆವರೆಗೆ, ಅವತ್ತು ಪೂರ್ತಿ ಮೆನು ಇದೆಯಾ.

ಮೂಲೆಮೇಜು

ಫೋನ್ ಮಾಡಿದೆ. ಮಕ್ಕಳು ಎಂಟರವರೆಗೆ, ಅಡುಗೆಮನೆ ಒಂಬತ್ತರವರೆಗೆ, ಪೂರ್ತಿ ಮೆನು. ರೆಡ್ ರೆಡ್‌ಗೆ ಮೀನು ಹಾಕುವುದಿಲ್ಲವಂತೆ. ಆದರೆ ಡೋಡೋ ಮತ್ತು ಮೀನಿಗೆ ಒಂದೇ ಎಣ್ಣೆ.

ಪುಂಡಿ_ಪಲ್ಯ

ಹಾಗಾದರೆ ರೆಡ್ ರೆಡ್‌ನ ಕಾಳನ್ನು ಮಾತ್ರ ತೆಗೆದುಕೊಂಡು, ಬಾಳೆಯ ಬದಲು ಬೇಯಿಸಿದ ಯಾಮ್ ಅಥವಾ ಬಿಳಿ ಅನ್ನ ಹಾಕಿಸಿ. ಮೇಲೆ ಒಂದು ಹಿಡಿ ಗಾರಿ ಉದುರಿಸಿ ಕೊಡಿ ಅನ್ನಿ, ಕಾಳಿನ ಎಣ್ಣೆಯನ್ನು ಅದು ಹೀರಿಕೊಂಡು ಕುರುಕಲಾಗುತ್ತದೆ. ಯಾಮ್ ಬೇಯಲು ಇಪ್ಪತ್ತು ನಿಮಿಷ ಬೇಕು, ಮೊದಲ ಆರ್ಡರ್‌ನಲ್ಲೇ ಹೇಳಿ.